ಕಲ್ಲುಬೇಲಿಯ ಬಾಗಿಲು

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲಿನ ಕಿಟಕಿಯ ಪಕ್ಕದಲ್ಲಿ ನೀವು ಎಂದಾದರೂ ಕುಳಿತಿದ್ದರೆ, ಹೊರಗಿನ ಬಯಲಿನಲ್ಲಿ ಮರಗಳಿಗಿಂತ ಕಲ್ಲುಗಳೇ ಹೆಚ್ಚಾಗಿರುವುದನ್ನು ಗಮನಿಸಿರಬಹುದು. ಬೆಟ್ಟವೆಂದರೆ ಕಲ್ಲು, ಗುಡ್ಡವೆಂದರೆ ಕಲ್ಲು, ಹೊಲದ ನಡುವೆ ಆನೆ ಮಲಗಿದಂತೆ ಮೈಚಾಚಿರುವುದೂ ಕಲ್ಲು. ಸ್ವಲ್ಪ ದಿಟ್ಟಿಸಿ ನೋಡಿದರೆ ಆ ಕಲ್ಲುಗಳ ನಡುವೆ ಮನುಷ್ಯನ ಕೈಕೆಲಸವೂ ಕಾಣುತ್ತದೆ. ಹೊಲದ ಅಂಚಿನಲ್ಲಿ ಗಾರೆಯಿಲ್ಲದೆ ಪೇರಿಸಿದ ಎದೆಯೆತ್ತರದ ಗೋಡೆ, ಸಾಲಾಗಿ ನೆಟ್ಟ ಕಲ್ಲುಕೂಚಗಳು, ಪಕ್ಕದಲ್ಲಿ ಪಕ್ಕ ನಿಲ್ಲಿಸಿದ ಚಪ್ಪಡಿಗಳು, ದಿಬ್ಬದ ಮೇಲೆ ದುಂಡಗೆ ಕಟ್ಟಿದ ಹಳೆಯ ದೊಡ್ಡಿ. ನಂದಿಬೆಟ್ಟದ ಕೋಟೆಗೆ ಚರಿತ್ರೆಯಿದೆ, ಗುಡಿಬಂಡೆಯ ಕೋಟೆಗೆ ಚರಿತ್ರೆಯಿದೆ, ಗಡಿಯಾಚೆಯ ಪೆನುಕೊಂಡೆಗೂ ಇದೆ. ಈ ಬೇಲಿಗಳಿಗೆ ಮಾತ್ರ ಚರಿತ್ರೆಕಾರರಿಲ್ಲ. ಇವನ್ನು ಕಟ್ಟಿದವರು ಅರಸರಲ್ಲ. ರಾಗಿ ಬಿತ್ತುವವರು, ದನ ಕಾಯುವವರು, ಕುರಿ ಮೇಯಿಸುವವರು.

ಪ್ರಿಯ ಓದುಗರೇ, ಆ ಚರಿತ್ರೆಯನ್ನು ನನಗೆ ತಿಳಿದಷ್ಟು ನಿಮ್ಮ ಮುಂದೆ ಇಡಬೇಕೆಂಬುದು ನನ್ನ ಆಸೆ. ಅದಕ್ಕೆ ಕಾರಣವೂ ಇದೆ. ಹೊಲದ ಸುತ್ತಲಿನ ಕಲ್ಲುಗೋಡೆಯನ್ನು ಉಳಿಸುವುದೋ ಮಾರುವುದೋ ಎಂಬ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕುಳಿತಾಗ, ಗೋಡೆಯೆಂಬುದು ಬರಿಯ ಕಲ್ಲಲ್ಲ, ಅದರ ಹಿಂದೆ ಒಂದು ಬಾಳ್ವೆಯ ಕ್ರಮವಿದೆ ಎಂಬ ಅರಿವು ನನಗೆ ಮೂಡಿತು. ಇಂಥದೇ ಪ್ರಶ್ನೆ ನಿಮ್ಮ ಮನೆಯನ್ನೂ ಒಂದು ದಿನ ತಟ್ಟಬಹುದು.

ಮೊದಲು ಈ ಗೋಡೆಗಳು ಹುಟ್ಟಿದ ಬಗೆಯನ್ನು ನೋಡೋಣ. ಉತ್ತರ ಪಿನಾಕಿನಿಯ ಇಕ್ಕೆಲಗಳ ಖುಷ್ಕಿ ಜಮೀನಿನಲ್ಲಿ ನೇಗಿಲು ಹೂಡಿದವನಿಗೆ ಮೊದಲು ಸಿಗುವ ಬೆಳೆ ಕಲ್ಲು. ಪ್ರತಿ ಉಳುಮೆಗೂ ಹೊಸ ಕಲ್ಲುಗಳು ಮೇಲೆದ್ದು ಬರುತ್ತವೆ. ಅವನ್ನು ಆರಿಸಿ ಬದುವಿಗೆ ಒಯ್ದು ಹಾಕಲೇಬೇಕು. ಹಾಗೆ ಹಾಕಿದ ರಾಶಿಯೇ ತಲೆಮಾರುಗಳ ದುಡಿಮೆಯಲ್ಲಿ ಗೋಡೆಯಾಯಿತು. ಹೊಲ ಹಸನಾಯಿತು, ಬೆಳೆಗೆ ಕಾವಲೂ ಆಯಿತು. ಅಡಿಯಲ್ಲಿ ದೊಡ್ಡ ಗುಂಡುಗಳು. ಅವುಗಳ ಮೇಲೆ ಒಳಕ್ಕೆ ತುಸು ವಾಲುವಂತೆ ಎರಡು ಮುಖಗಳಲ್ಲಿ ಕಲ್ಲು. ನಡುವಿನ ಸಂದಿಗೆ ಚಕ್ಕೆಗಳು. ಅಲ್ಲಲ್ಲಿ ಎರಡೂ ಮುಖಗಳನ್ನು ಬಿಗಿಯಲು ಅಡ್ಡಲಾಗಿ ಒಂದು ಉದ್ದನೆಯ ಕಲ್ಲು. ಮಣ್ಣಿಲ್ಲ, ಸುಣ್ಣವಿಲ್ಲ. ಭಾರವೇ ಭಾರವನ್ನು ಹಿಡಿದು ನಿಲ್ಲಿಸುತ್ತದೆ. ಮಳೆನೀರು ಸಂದಿಗಳ ಮೂಲಕ ಹರಿದುಹೋಗುತ್ತದೆ; ಮಣ್ಣು ಮಾತ್ರ ಈಚೆಯೇ ಉಳಿಯುತ್ತದೆ. ನಮ್ಮ ತಾತ ಹೇಳುತ್ತಿದ್ದ ಒಂದು ಮಾತು ಇನ್ನೂ ನೆನಪಿದೆ: ಪ್ರತಿ ಕಲ್ಲಿಗೂ ಒಂದು ಮುಖ ಇರುತ್ತೆ, ಅದನ್ನ ಹುಡುಕಿ ಕೂರಿಸಿದರೆ ಅದು ಮತ್ತೆ ಅಲ್ಲಾಡೋದಿಲ್ಲ.

ಕಲ್ಲುಕೂಚದ ಕಥೆ ಬೇರೆ. ಇದು ಕಲ್ಲು ಕೆಲಸವನ್ನೇ ಕುಲಕಸುಬಾಗಿ ಮಾಡಿಕೊಂಡ ಭೋವಿ ಜನರ ವಿದ್ಯೆ. ಬಂಡೆಯ ಮೇಲೆ ಗೆರೆ ಹಾಕಿ, ಆ ಗೆರೆಯುದ್ದಕ್ಕೂ ಉಳಿಯಿಂದ ಸಣ್ಣ ಕುಳಿಗಳನ್ನು ತೋಡಿ, ಕಬ್ಬಿಣದ ಬೆಣೆಗಳನ್ನು ಕೂರಿಸಿ, ಸುತ್ತಿಗೆಯಿಂದ ಒಂದಾದ ಮೇಲೊಂದಕ್ಕೆ ಸಮನಾಗಿ ಪೆಟ್ಟು ಕೊಡುತ್ತ ಹೋದರೆ, ಬಂಡೆ ಹಲಗೆಯಂತೆ ಸೀಳುತ್ತದೆ. ಅಗಲವಾದ ಚಪ್ಪಡಿ ಬೇಕಾದಾಗ ಬಂಡೆಯ ಮೈಮೇಲೆ ಸೌದೆ ಹರಡಿ ಬೆಂಕಿ ಹಾಕುವ ಪದ್ಧತಿಯೂ ಇತ್ತು. ಕಾವಿಗೆ ಮೇಲ್ಪದರ ಹಿಗ್ಗಿ ಕೆಳಪದರದಿಂದ ಬಿಡಿಸಿಕೊಳ್ಳುತ್ತದೆ. ಪದರ ಬಿಟ್ಟಿತೋ ಇಲ್ಲವೋ ಎಂಬುದನ್ನು ಅನುಭವಿಗಳು ಸುತ್ತಿಗೆಯಿಂದ ತಟ್ಟಿ, ಕಲ್ಲಿನ ದನಿ ಕೇಳಿಯೇ ನಿರ್ಧರಿಸುತ್ತಿದ್ದರು. ಹೀಗೆ ಬಿಡಿಸಿದ ಕಲ್ಲು ನಮ್ಮ ಸೀಮೆಯಲ್ಲಿ ಬೇಲಿಯಾಯಿತು, ಮನೆಯ ಸೂರಾಯಿತು, ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳಿಗೆ ಕಂಬವಾಯಿತು. ಗೆದ್ದಲು ಹತ್ತದ, ಕೊಳೆಯದ, ಬೆಂಕಿಗೆ ಸುಡದ ಬೇಲಿ ಮರ ಕಡಿಮೆಯಿರುವ ನಾಡಿಗೆ ದೊಡ್ಡ ವರವೇ ಸರಿ.

ಮರವಿಲ್ಲದ ನಾಡು ಎಲ್ಲಿದ್ದರೂ ಇದೇ ದಾರಿ ಹಿಡಿಯುತ್ತದೆಯೆಂಬುದು ಸೋಜಿಗದ ಸಂಗತಿ. ಅಮೆರಿಕದ ಕಾನ್ಸಾಸ್ ರಾಜ್ಯದ ನಡುಭಾಗದಲ್ಲಿ ಹುಲ್ಲುಗಾವಲು ವಿಶಾಲ, ಮರ ವಿರಳ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ನೆಲೆಸಿದ ರೈತರು ಸುಣ್ಣಕಲ್ಲಿನ ಪದರಗಳಲ್ಲಿ ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು, ಕಂಬಗಳನ್ನು ಸೀಳಿ ಬೇಲಿ ನೆಟ್ಟರು. ಇಂದಿಗೂ ಆ ಪ್ರದೇಶವನ್ನು ಕಲ್ಲುಕಂಬಗಳ ನಾಡೆಂದೇ ಕರೆಯುತ್ತಾರೆ. ಗೌರಿಬಿದನೂರಿನ ಭೋವಿಗೂ ಕಾನ್ಸಾಸಿನ ವಲಸೆ ರೈತನಿಗೂ ಪರಸ್ಪರರ ಹೆಸರೂ ತಿಳಿದಿರಲಿಲ್ಲ. ಆದರೆ ಕಲ್ಲು ಇಬ್ಬರಿಗೂ ಒಂದೇ ಪಾಠ ಕಲಿಸಿತು.

ಬೇಲಿಗಿಂತಲೂ ಹಳೆಯದು ದೊಡ್ಡಿ. ಎಷ್ಟು ಹಳೆಯದು ಗೊತ್ತೇ? ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ, ಕಲಬುರಗಿ ಸೀಮೆಯ ಬೂದಿಹಾಳದಲ್ಲಿ, ಕೃಷ್ಣಾ–ತುಂಗಭದ್ರಾ ಬಯಲಿನ ಹತ್ತಾರು ಕಡೆಗಳಲ್ಲಿ ದೊಡ್ಡ ಬೂದಿದಿಬ್ಬಗಳಿವೆ. ಅವುಗಳ ಬಗ್ಗೆ ಜನರಲ್ಲಿ ರಾಕ್ಷಸರ ಕಥೆಗಳಿದ್ದವು. ಅದು ಸುಟ್ಟ ಸಗಣಿಯ ಬೂದಿಯೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೂಚಿಸಿದ್ದರು. 1957ರಲ್ಲಿ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ, ಬೂದಿಯ ಪದರಗಳ ನಡುವೆ ಮರದ ಕಂಬಗಳ ಆವರಣದ ಗುರುತುಗಳೂ ದನಗಳ ಗೊರಸಿನ ಅಚ್ಚುಗಳೂ ಸಿಕ್ಕವು. ಅಂದರೆ ಅವು ನೂತನ ಶಿಲಾಯುಗದ ದನದ ದೊಡ್ಡಿಗಳು. ಸುಮಾರು 4000 ವರ್ಷಗಳಿಗೂ ಹಿಂದಿನವು. ದಕ್ಷಿಣ ಭಾರತದ ರೈತ ಊರು ಕಟ್ಟುವ ಕಾಲಕ್ಕೇ ದನಕ್ಕೂ ಒಂದು ಆವರಣ ಕಟ್ಟಿದ್ದ. ಬೂದಿಯಲ್ಲಿ ಉಳಿದ ಆ ಗೊರಸಿನ ಅಚ್ಚಿನ ಬಗ್ಗೆ ಓದಿದಾಗ ನನಗೆ ನಮ್ಮ ಕೊಟ್ಟಿಗೆಯ ನೆಲವೇ ಕಣ್ಣಮುಂದೆ ಬಂತು.

ದನವೇ ಸಂಪತ್ತಾಗಿದ್ದ ಕಾಲದಲ್ಲಿ ದನವೇ ಕದನಕ್ಕೂ ಕಾರಣವಾಗುತ್ತಿತ್ತು. ನಮ್ಮ ಭಾಗದ ಕೆರೆ ಏರಿಗಳ ಮೇಲೆ, ಊರಬಾಗಿಲುಗಳ ಬಳಿ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಗಂಗರ, ಬಾಣರ, ನೊಳಂಬರ ಕಾಲದ ಅಂಥ ಅನೇಕ ಕಲ್ಲುಗಳಲ್ಲಿ ಹೋರಾಡುವ ವೀರನ ಜೊತೆಗೆ ಹಸುಗಳ ಸಾಲನ್ನೂ ಕೆತ್ತಿರುತ್ತಾರೆ. ತುರು ಎಂದರೆ ದನ. ತುರುಗೋಳು ಎಂದರೆ ದನಗಳನ್ನು ಸೆರೆಹಿಡಿದು ಒಯ್ಯುವುದು. ಊರ ದನಗಳನ್ನು ಮರಳಿ ತರಲು ಹೋಗಿ ಮಡಿದವನ ನೆನಪಿಗೆ ಊರವರು ಕಲ್ಲು ನೆಡುತ್ತಿದ್ದರು. ಈ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಕೋಲಾರ ಜಿಲ್ಲೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಆಗ ಗೌರಿಬಿದನೂರು ಕೋಲಾರಕ್ಕೆ ಸೇರಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಒಂದು ಹಸುವಿಗಾಗಿ ಪ್ರಾಣ ಕೊಡುವುದು ಇಂದಿನವರಿಗೆ ಅತಿಯೆನಿಸಬಹುದು. ಆದರೆ ಹಾಲು, ಗೊಬ್ಬರ, ನೇಗಿಲು, ಗಾಡಿ ಎಲ್ಲವೂ ಆ ಹಸುವಿನಿಂದಲೇ ಬರುತ್ತಿದ್ದ ಊರಿಗೆ, ಮಂದೆ ಹೋದರೆ ಮರುವರ್ಷದ ಅನ್ನವೂ ಹೋದಂತೆ.

ಮುಂದೆ ಅರಸರೂ ಮಂದೆ ಕಟ್ಟಿದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳು ಮೇಯಲು ಋತುಮಾನಕ್ಕೆ ತಕ್ಕಂತೆ ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಮೀಸಲಿಟ್ಟಿದ್ದರು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾವಲು ಎಂದು ಮುಗಿಯುವ ಊರ ಹೆಸರುಗಳು ಇಂದಿಗೂ ಆ ಕಥೆ ಹೇಳುತ್ತವೆ. ಕಾವಲಿನಲ್ಲಿ ಬೇಲಿಯಿದ್ದದ್ದು ಕಡಿಮೆ, ನಿಯಮವೇ ಬೇಲಿಯಾಗಿತ್ತು. ನಿಯಮ ಸಡಿಲವಾದಂತೆ ಕಾವಲೂ ಕರಗಿತು. ಚಳ್ಳಕೆರೆಯ ಬಳಿಯ ವಿಶಾಲ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಗಿ, 2013ರಲ್ಲಿ ಆ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ದೇಶಕ್ಕೆ ವಿಜ್ಞಾನವೂ ಬೇಕು, ರಕ್ಷಣೆಯೂ ಬೇಕು. ಆದರೆ ತಲೆಮಾರುಗಳಿಂದ ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಒಂದು ಬೆಳಿಗ್ಗೆ ಎದುರಾದದ್ದು ಬಾಗಿಲಿಲ್ಲದ ಗೋಡೆ.

ಇಷ್ಟೆಲ್ಲ ದೊಡ್ಡ ಚರಿತ್ರೆಯ ನಡುವೆ ನಮ್ಮಂಥವರಿಗೆ ಹತ್ತಿರದಿಂದ ಪರಿಚಯವಿದ್ದದ್ದು ಊರ ದನದ ದೊಡ್ಡಿ. ಗಡಿನಾಡಿನ ನಮ್ಮ ಹಿರಿಯರು ತೆಲುಗಿನಲ್ಲಿ ಅದನ್ನು ಬಂದೆಲ ದೊಡ್ಡಿ ಎನ್ನುತ್ತಿದ್ದರು. ಪರರ ಹೊಲಕ್ಕೆ ನುಗ್ಗಿದ ದನವನ್ನು ಹೊಡೆದು ಗಾಯಗೊಳಿಸುವಂತಿಲ್ಲ. ದೊಡ್ಡಿಗೆ ತಂದು ಕೂಡಬೇಕು. ಒಡೆಯ ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಬ್ರಿಟಿಷ್ ಇಂಡಿಯಾದಲ್ಲಿ 1871ರಲ್ಲಿ ಇದಕ್ಕಾಗಿ ದನಗಳ ಅತಿಕ್ರಮ ಪ್ರವೇಶದ ಕಾಯಿದೆ ಬಂತು. ಕರ್ನಾಟಕ ತನ್ನದೇ ಕಾಯಿದೆಯನ್ನು 1966ರಲ್ಲಿ ಮಾಡಿಕೊಂಡಿತು. ದೊಡ್ಡಿಯಲ್ಲಿರುವ ದನಕ್ಕೆ ಮೇವು ನೀರು ಕೊಡುವುದು ದೊಡ್ಡಿಯವನ ಹೊಣೆಯೆಂದು 1871ರ ಕಾಯಿದೆಯೇ ಹೇಳುತ್ತದೆ. ತಪ್ಪಿಗೆ ದಂಡವಿರಲಿ, ಹಸಿವಿನ ಶಿಕ್ಷೆ ಬೇಡ ಎಂಬ ಈ ವಿವೇಕ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಇದನ್ನು ನಾನು ಕಾಯಿದೆಯ ಪುಸ್ತಕದಿಂದ ಕಲಿತದ್ದಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ಕೆಂದ ಹಸು ಹಗ್ಗ ಕಿತ್ತುಕೊಂಡು ನೆರೆಯವರ ಕಡಲೆಕಾಯಿ ಹೊಲ ಹೊಕ್ಕಿತು. ಅವರು ಅದನ್ನು ದೊಡ್ಡಿಗೆ ಕೂಡಿದರು. ರಾತ್ರಿಯಾಗಿದ್ದರಿಂದ ಅಂದು ಬಿಡಿಸಿಕೊಳ್ಳಲು ಆಗಲಿಲ್ಲ. ಬೆಳಗಾಗುತ್ತಲೇ ಅಮ್ಮ ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ಹಣ ತೆಗೆದುಕೊಂಡು ನನ್ನನ್ನೂ ಕರೆದುಕೊಂಡು ಹೋದರು. ಚಪ್ಪಡಿಗಳ ಆವರಣ, ಮರದ ಗೇಟು, ಒಂದು ಕಲ್ಲುಬಾನಿ. ಹಸುವಿನ ಮುಂದೆ ಅರ್ಧ ಮೇಯ್ದ ಹಸಿಹುಲ್ಲಿನ ಕಂತೆ ಇತ್ತು. ದೂರು ಕೊಟ್ಟ ನೆರೆಯವರೇ ರಾತ್ರಿ ತಂದು ಹಾಕಿದ್ದರು. ಅಮ್ಮ ಬೆರಗಾಗಿ ಕೇಳಿದಾಗ ಅವರು ಹೇಳಿದ ಮಾತು ಇದು: “ಹೊಲ ಮೇದದ್ದಕ್ಕೆ ದಂಡ ಕಟ್ಟಬೇಕಮ್ಮ, ಅದು ನ್ಯಾಯ. ಆದ್ರೆ ಮೂಕಪ್ರಾಣಿ ರಾತ್ರಿಯೆಲ್ಲಾ ಹಸ್ಕೊಂಡಿರೋದು ಯಾವ ನ್ಯಾಯ?” ಅಮ್ಮ ದಂಡ ಕಟ್ಟಿದರು. ಆ ವರ್ಷದ ಸುಗ್ಗಿಯಲ್ಲಿ ಎರಡೂ ಮನೆಯವರು ಒಂದೇ ಕಣದಲ್ಲಿ ರಾಗಿ ಒಕ್ಕಿದರು. ನ್ಯಾಯ ಮತ್ತು ಕರುಣೆ ಒಂದೇ ಆವರಣದೊಳಗೆ ಇರಬಲ್ಲವೆಂಬುದನ್ನು ನಾನು ಮೊದಲು ಕಂಡದ್ದು ಆ ದೊಡ್ಡಿಯಲ್ಲಿ.

ಇಲ್ಲಿ ಒಂದು ಮೂಲಭೂತ ಪ್ರಶ್ನೆಯಿದೆ. ಬೇಲಿ ಹಾಕಬೇಕಾದವನು ಯಾರು? ಬೆಳೆಯ ಒಡೆಯನೋ, ದನದ ಒಡೆಯನೋ? ಜಗತ್ತಿನ ಎಲ್ಲ ದನಗಾಹಿ ನಾಡುಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಪಶ್ಚಿಮ ಅಮೆರಿಕದ ಅನೇಕ ಕಡೆ ಮೊದಲಿಗೆ ದನಗಳು ಎಲ್ಲೆಂದರಲ್ಲಿ ಮೇಯಬಹುದಿತ್ತು. ಬೇಲಿ ಹಾಕಿಕೊಳ್ಳುವುದು ರೈತನ ಪಾಡಾಗಿತ್ತು. ಕಾನ್ಸಾಸ್ 1867ರಲ್ಲಿ ಆ ಪದ್ಧತಿಯನ್ನು ಬದಲಿಸಲು ಹೊರಟು, ನಾಲ್ಕೂವರೆ ಅಡಿ ಎತ್ತರದ ಕಲ್ಲುಬೇಲಿ ಕಟ್ಟಿದವರಿಗೆ ಹಣವನ್ನೇ ಕೊಟ್ಟಿತು. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬ ಇಲಿನಾಯ್ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ, ಕಲ್ಲುಗೋಡೆಯ ತಿಂಗಳ ಕೆಲಸ ದಿನದ ಕೆಲಸವಾಯಿತು. ತೆರೆದ ಹುಲ್ಲುಗಾವಲಿನ ಯುಗವೂ ಕೊನೆಗೊಂಡಿತು. ನಮ್ಮಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ನಡುದಾರಿಯದು. ಹೊಲಕ್ಕೆ ಬೇಲಿ, ದನಕ್ಕೆ ಗೋಮಾಳ, ತಪ್ಪಿದ ದನಕ್ಕೆ ದೊಡ್ಡಿ. ಮೂರೂ ಇದ್ದರೆ ಊರು ನೆಮ್ಮದಿ. ಒಂದು ಕುಸಿದರೂ ಉಳಿದೆರಡರ ಮೇಲೆ ಭಾರ ಬೀಳುತ್ತದೆ.

ಕುಸಿದದ್ದು ಮೊದಲು ಗೋಮಾಳ. ಪ್ರತಿ ನೂರು ದನಗಳಿಗೆ 12 ಹೆಕ್ಟೇರಿನಂತೆ ಹುಲ್ಲುಗಾವಲು ಮೀಸಲಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿದೆ. ಆದರೆ ಭೂಮಿಯಿಲ್ಲದ ಬಡವರಿಗೂ ನೆಲ ಬೇಕಿತ್ತು, ನಿವೇಶನಗಳಿಗೂ ಬೇಕಿತ್ತು, ಕಾರ್ಖಾನೆಗಳಿಗೂ ಬೇಕಿತ್ತು. ಬಲಾಢ್ಯರ ಒತ್ತುವರಿಯಂತೂ ಸದ್ದಿಲ್ಲದೆ ನಡೆಯಿತು. ಬೇಲಿಯೇ ಹೊಲ ಮೇಯುವುದೆಂಬ ಗಾದೆಯನ್ನು ಕಟ್ಟಿದ ನಾಡು ನಮ್ಮದು. ಈ ಕಥೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಮೇಯಲು ಜಾಗವಿಲ್ಲದ ಮೇಲೆ ನಾಟಿ ದನಗಳು ಹೋದವು. ಮಿಶ್ರತಳಿಯ ಹಸುಗಳು ಬಂದವು. ಅವು ಶೆಡ್ಡಿನಲ್ಲೇ ನಿಂತು ಮೇವು ತಿನ್ನುತ್ತವೆ, ಡೇರಿಗೆ ಹಾಲು ಕೊಡುತ್ತವೆ, ಎಷ್ಟೋ ಮನೆಗಳ ಸಂಸಾರವನ್ನೂ ನಡೆಸುತ್ತವೆ. ಅದನ್ನು ಹಳಿಯುವ ಹಕ್ಕು ನನಗಿಲ್ಲ. ಆದರೆ ಹೊರಗೆ ಬಾರದ ಹಸುವಿಗೆ ಬೇಲಿ ಯಾಕೆ? ದೊಡ್ಡಿ ಯಾಕೆ? ಎಷ್ಟೋ ಊರುಗಳ ದೊಡ್ಡಿಗಳಲ್ಲಿ ಇಂದು ಲಂಟಾನ ಬೆಳೆದಿದೆ.

ಬೇಡವಾದ ಕಲ್ಲಿಗೂ ಈಗ ಬೆಲೆ ಬಂದಿದೆ. ಬೆಂಗಳೂರಿನ ಸುತ್ತ, ನಂದಿಯ ತಪ್ಪಲಿನಲ್ಲಿ ಏಳುತ್ತಿರುವ ತೋಟದ ಮನೆಗಳಿಗೆ ಪಾಚಿ ಹಿಡಿದ ಹಳೆಯ ಕಲ್ಲೇ ಬೇಕು. ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಗೋಡೆಗಳು ಹೊರಟುಹೋಗುತ್ತಿವೆ. ಇನ್ನೊಂದೆಡೆ ಉಳಿ ಬೆಣೆಗಳ ಜಾಗದಲ್ಲಿ ಸಿಡಿಮದ್ದು ಬಂದಿದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಜಿಲ್ಲೆ ಮರೆಯಲಾರದು. ಕಲ್ಲಿನ ದನಿ ಕೇಳಿ ಕಲ್ಲು ಬಿಡಿಸುತ್ತಿದ್ದ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೇವೆ!

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ತಾತ ಬಿಟ್ಟುಹೋದ ಮೂರೂವರೆ ಎಕರೆ ಖುಷ್ಕಿಯ ಸುತ್ತ ಕಲ್ಲುಗೋಡೆಯಿದೆ. ಅದರ ಮೇಲುಭಾಗದಲ್ಲಿ ಒಂದು ದುಂಡನೆಯ ಕುರಿದೊಡ್ಡಿ. ಸುಗ್ಗಿ ಮುಗಿದ ಮೇಲೆ ಮಡಕಶಿರಾ ಕಡೆಯಿಂದ ಒಂದು ಕುರಿಗಾಹಿ ಕುಟುಂಬ ಪ್ರತಿ ವರ್ಷವೂ ಬರುತ್ತದೆ. ಹಗಲು ಕೂಳೆ ಹೊಲಗಳಲ್ಲಿ ಕುರಿ ಮೇಯಿಸುತ್ತಾರೆ. ರಾತ್ರಿ ಕೇಳಿದವರ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಹಿಕ್ಕೆ ಗಂಜಲಗಳೇ ಹೊಲಕ್ಕೆ ಗೊಬ್ಬರ. ಹಿಂದೆ ಇದಕ್ಕೆ ರಾಗಿ ಅಳೆದು ಕೊಡುತ್ತಿದ್ದರು. ಈಗ ಹಣ ಮತ್ತು ಊಟ. ಮರಿ ಹಾಕಿದ ಕುರಿಗಳನ್ನು ಮಾತ್ರ ದೊಡ್ಡಿಯೊಳಗೆ ಬಿಡುತ್ತಾರೆ. ತೋಳದ, ನಾಯಿಯ ಭಯವಿರುತ್ತದೆ. ದೊಡ್ಡಿಗೆ ಬಾಗಿಲಿಲ್ಲ, ಒಂದಾಳು ಅಗಲದ ಸಂದಿಯಿದೆ. ಆ ಸಂದಿಯಲ್ಲಿ ಹಿರಿಯ ಕುರಿಗಾಹಿ ಕಂಬಳಿ ಹೊದ್ದು ಅಡ್ಡ ಮಲಗುತ್ತಾನೆ. ಒಳಗಿನ ಕುರಿ ಹೊರಗೆ ಹೋಗಬೇಕಾದರೂ ಹೊರಗಿನ ಮೃಗ ಒಳಗೆ ಬರಬೇಕಾದರೂ ಅವನನ್ನು ದಾಟಬೇಕು.

ಕುರಿಹಟ್ಟಿಯ ಶುಭಸಂದೇಶವನ್ನು ಬಲಿಪೂಜೆಯಲ್ಲಿ ಕೇಳಿದಾಗಲೆಲ್ಲ ನನಗೆ ಆ ಮುದುಕನ ನೆನಪಾಗುತ್ತದೆ. ಯೇಸುಸ್ವಾಮಿ ತಮ್ಮನ್ನು ಹಟ್ಟಿಯ ಬಾಗಿಲೆಂದು ಕರೆದುಕೊಂಡರು. ಹಟ್ಟಿಯ ಗೋಡೆಯೆಂದು ಕರೆದುಕೊಳ್ಳಲಿಲ್ಲ. ಪ್ಯಾಲೆಸ್ತೀನಿನ ಗುಡ್ಡಗಳ ಹಟ್ಟಿಗಳೂ ಹೀಗೆಯೇ ಕಲ್ಲು ಪೇರಿಸಿದವು, ಕುರುಬನೇ ಸಂದಿಯಲ್ಲಿ ಮಲಗಿ ಬಾಗಿಲಾಗುತ್ತಿದ್ದ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ನಮ್ಮ ಸೀಮೆಯವರಿಗೆ ಆ ವ್ಯಾಖ್ಯಾನ ಓದುವ ಅಗತ್ಯವೇ ಇಲ್ಲ. ಸುಗ್ಗಿ ಮುಗಿದ ಮೇಲೆ ಹೊಲಕ್ಕೆ ಹೋದರೆ ಸಾಕು. ಕ್ರಿಸ್ಮಸ್ಸಿಗೆ ನಾವು ಕಟ್ಟುವ ಗೋದಲಿಯೂ ಮೂಲದಲ್ಲಿ ದನಕ್ಕೆ ಮೇವು ಹಾಕುವ ತೊಟ್ಟಿಯೇ ಅಲ್ಲವೇ?

ತಂದೆಯವರು ತೀರಿಕೊಂಡ ಮೇಲೆ ಅಕ್ಕ, ನಾನು, ತಮ್ಮ ಮೂವರೂ ಭಾಗಕ್ಕೆ ಕುಳಿತೆವು. ತಮ್ಮನ ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅದೇ ವಾರ ಕಲ್ಲಿನ ವ್ಯಾಪಾರಿಯೊಬ್ಬ ಬಂದು ಗೋಡೆ, ದೊಡ್ಡಿ ಎರಡಕ್ಕೂ ಸೇರಿಸಿ ಬೆಲೆ ಹೇಳಿ ಹೋದ. ತಮ್ಮ ಹೇಳಿದ: “ಅಣ್ಣ, ಗೋಡೆ ನೋಡ್ಕೊಂಡು ಹೊಟ್ಟೆ ತುಂಬಲ್ಲ. ಫೀಸು ಕಟ್ಟೋಕೆ ಇನ್ನು ಎರಡೇ ತಿಂಗಳಿರೋದು.” ಅವನ ಮಾತಿನಲ್ಲಿ ಆಸೆಬುರುಕತನವಿರಲಿಲ್ಲ, ಒಬ್ಬ ತಂದೆಯ ಆತಂಕವಿತ್ತು. ಕಲ್ಲಿಗಿಂತ ಮಗು ದೊಡ್ಡದು. ಅದರಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ದೊಡ್ಡಿಯ ಕಲ್ಲು ಹೋದರೆ ಕುರಿಗಾಹಿಯ ರಾತ್ರಿಯ ನೆಲೆಯೂ ಹೋಗುತ್ತದೆ, ಅದಕ್ಕೆ ಬೇರೆ ಜಾಗ ಈಗ ಊರಲ್ಲಿ ಎಲ್ಲಿಯೂ ಇಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು.

ಬಹಳ ಹೊತ್ತು ಸುಮ್ಮನಿದ್ದ ಅಕ್ಕ ಕೊನೆಗೆ ಮಾತನಾಡಿದಳು: “ನಿನ್ನ ಪಾಲಿನ ಗೋಡೆ ನಿಂದು ಕಣೋ, ಮಾರ್ಕೊ. ಸಾಲದಿದ್ರೆ ನನ್ನ ಪಾಲಿಂದೂ ತಗೋ. ಆದ್ರೆ ದೊಡ್ಡಿ ಬರೀ ನಮ್ಮದಲ್ಲ. ವರ್ಷವರ್ಷ ಬರೋರ್ದೂ ಹೌದು. ಕೇಳ್ದೆ ಅದನ್ನ ಮಾರೋದು ಹೆಂಗೆ?” ತಮ್ಮ ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕುಳಿತಿದ್ದು, ಆಮೇಲೆ ಹೂಂ ಎಂದ. ಹಾಗೆ ದೊಡ್ಡಿ ಮತ್ತು ಅದಕ್ಕೆ ಹೋಗುವ ದಾರಿ ಮೂವರ ಜಂಟಿ ಸ್ವತ್ತಾಗಿ ಉಳಿಯಬೇಕೆಂದು ವಿಭಾಗಪತ್ರದಲ್ಲಿ ಬರೆಸಿದೆವು. ಪಡುವಣ ದಿಕ್ಕಿನ ಗೋಡೆ, ಅಕ್ಕನ ಪಾಲಿನದೂ ಸೇರಿ, ಮಾರಾಟವಾಯಿತು. ತಾತ ಅಜ್ಜಿ ಒಂದು ಜೀವಮಾನದಲ್ಲಿ ಪೇರಿಸಿದ್ದು ನಾಲ್ಕು ದಿನಗಳಲ್ಲಿ ಟ್ರ್ಯಾಕ್ಟರ್ ಹತ್ತಿತು. ಸಂದಿಗಳಲ್ಲಿದ್ದ ಹಾವುರಾಣಿಗಳು, ಓತಿಕ್ಯಾತಗಳು ದಿಕ್ಕೆಟ್ಟು ಬದುವಿನಲ್ಲಿ ಓಡಾಡುತ್ತಿದ್ದವು. ನೋವಾಗಲಿಲ್ಲವೆಂದು ಹೇಳಲಾರೆ. ಮಗಳ ಫೀಸು ಕಟ್ಟಿದ್ದಾಯಿತು. ಅವಳೀಗ ಎರಡನೆಯ ವರ್ಷದಲ್ಲಿದ್ದಾಳೆ.

ಆ ವರ್ಷವೂ ಸುಗ್ಗಿಯ ನಂತರ ಕುರಿಗಾಹಿಗಳು ಬಂದರು. ಹಿರಿಯ ಪಡುವಣ ಅಂಚಿನಲ್ಲಿ ನಿಂತು, ಗೋಡೆಯಿದ್ದ ಜಾಗದ ಹಸಿಮಣ್ಣಿನ ಗೆರೆಯನ್ನು ಉದ್ದಕ್ಕೂ ನೋಡಿದ. ನಾನು ಕಾರಣ ಹೇಳಿದೆ. ಅವನು ತಲೆಯಾಡಿಸಿ, “ಗೋಡೆ ಹೋದ್ರೆ ಹೋಗ್ಲಿ ಸ್ವಾಮಿ, ಬಾಗ್ಲು ಉಳ್ಸಿದೀರಲ್ಲ” ಎಂದು ದೊಡ್ಡಿಯ ಕಡೆಗೆ ನಡೆದ.

ಓದುಗರೇ, ಹಳೆಯದೆಲ್ಲವನ್ನೂ ಉಳಿಸಿಕೊಳ್ಳಲು ನಮ್ಮಿಂದ ಆಗದು. ಎಲ್ಲವನ್ನೂ ಮಾರಿದರೂ ನಾವು ಶ್ರೀಮಂತರಾಗುವುದಿಲ್ಲ. ಗಾರೆಯಿಲ್ಲದೆ ಕಲ್ಲು ಪೇರಿಸುವ ವಿದ್ಯೆಯನ್ನು ಯುನೆಸ್ಕೊ ಸಂಸ್ಥೆ 2018ರಲ್ಲಿ ಕ್ರೊಯೇಷಿಯಾ, ಗ್ರೀಸ್, ಇಟಲಿ, ಸ್ಪೇನ್ ಮೊದಲಾದ ಎಂಟು ದೇಶಗಳ ಹೆಸರಿನಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ಐರ್ಲೆಂಡ್ ಮುಂತಾದ ದೇಶಗಳೂ ಅದರೊಳಗೆ ಬಂದವು. ನಮ್ಮ ಬಯಲುಸೀಮೆಯ ಗೋಡೆಗಳಿಗೆ ಅಂಥ ಪಟ್ಟ ಸಿಗದೆ ಇರಬಹುದು. ಆದರೂ ನಿಮ್ಮ ಊರಿಗೆ ಹೋದಾಗ ಒಮ್ಮೆ ಹೊಲದ ಅಂಚಿನಲ್ಲಿ ನಡೆಯಿರಿ. ಗೋಡೆಯಿದ್ದರೆ ಅದನ್ನು ಕಟ್ಟಿದವರು ಯಾರೆಂದು ಹಿರಿಯರನ್ನು ಕೇಳಿ, ಮಕ್ಕಳಿಗೂ ಹೇಳಿ. ಬಿದ್ದ ಎರಡು ಕಲ್ಲುಗಳನ್ನು ಎತ್ತಿ, ಅವುಗಳ ಮುಖ ಹುಡುಕಿ ಕೂರಿಸಿ. ಭಾಗ ಮಾಡಿಕೊಳ್ಳುವ ದಿನ ಬಂದರೆ, ಕಾಗದದ ಮೇಲೆ ಗೆರೆ ಎಳೆಯುವ ಮೊದಲು ಆ ನೆಲವನ್ನು ನಂಬಿ ಬರುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಯೋಚಿಸಿ. ಬೇಲಿ ಯಾವುದೇ ಇರಲಿ, ಅದು ಹೊಲದ್ದಾಗಲಿ ಮನೆಯದಾಗಲಿ ಮನಸ್ಸಿನದಾಗಲಿ, ಒಬ್ಬ ಮನುಷ್ಯ ಬಂದುಹೋಗುವಷ್ಟು ಸಂದಿಯನ್ನು ಅದರಲ್ಲಿ ಉಳಿಸಿಕೊಳ್ಳೋಣ.